ಮುಸುಕಿನ ಜೋಳಕ್ಕೆ ಇನ್ನೊಂದು ಮುಸುಕು



2025ರ ಏಪ್ರಿಲ್ 10, ಮಹಾವೀರ ಜಯಂತಿಯ ದಿನ. ಮೈಸೂರಿನ ಕಡೆಯಿಂದ ನಮ್ಮ ಓದುಗ ಬಳಗದ ಒಂದು ಕುಟುಂಬ ನಮ್ಮೂರಿಗೆ ಬಂದಿತ್ತು. ನಮ್ಮೂರು ಉತ್ತಮಪಾಳಯಂ. ತಮಿಳುನಾಡಿನ ಥೇಣಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ, ಮುಲ್ಲೈ ಪೆರಿಯಾರ್ ನದಿಯ ದಂಡೆಯ ಮೇಲಿದೆ. ಇಲ್ಲಿನ ಕರುಪ್ಪಣ್ಣಸ್ವಾಮಿ ಗುಡಿಯ ಬಳಿಯ ಬಂಡೆಯಲ್ಲಿ ತೀರ್ಥಂಕರರ ಉಬ್ಬುಶಿಲ್ಪಗಳು ಸಾಲಾಗಿವೆ. ಅವುಗಳ ಜೊತೆಗಿನ ವಟ್ಟೆಳುತ್ತು ಶಾಸನಗಳಲ್ಲಿ ಅಜ್ಜಣಂದಿ ಮುನಿಗಳ ಹೆಸರಿದೆ. ದರ್ಶನಕ್ಕೆ ಬಂದ ನಮ್ಮವರು ಒಂದು ಹೊತ್ತಿನ ಊಟಕ್ಕೆ ನಮ್ಮಲ್ಲಿ ಇಳಿಯುವುದು ವಾಡಿಕೆ.

ಸಂಜೆ ಐದಕ್ಕೆ ಎಲ್ಲರೂ ಊಟಕ್ಕೆ ಕುಳಿತರು. ನಮ್ಮ ತಾಯಿಯವರು ಸ್ವೀಟ್ ಕಾರ್ನ್ ಉಸ್ಲಿಯನ್ನು ತಾವೇ ಬಡಿಸಿಕೊಂಡದ್ದನ್ನು ಕಂಡು ಬಂದ ಸಹೋದರಿಗೆ ಆಶ್ಚರ್ಯವಾಯಿತು. "ಅಮ್ಮಾ, ಹಿಂದೆ ಬಂದಾಗ ಇದನ್ನು ಬಿಟ್ಟಿದ್ದೇನೆ ಎಂದಿದ್ದಿರಲ್ಲ?" ಎಂದು ಕೇಳಿದರು. ತಾಯಿಯವರು ನಕ್ಕು, "ಬಿಟ್ಟದ್ದು ನಿಜವಮ್ಮ. ಇದು ನಮ್ಮ ಹಿತ್ತಿಲದ್ದು. ಇದಕ್ಕೆ ಮೂರು ವರ್ಷ ಹಿಡಿಯಿತು" ಎಂದರು. ಆ ಮೂರು ವರ್ಷದ ಕಥೆಯನ್ನು ಬರೆಯಿರೆಂದು ಆ ಸಹೋದರಿ ಒತ್ತಾಯಿಸಿದರು. ಅದಕ್ಕೇ ಈ ಸಲ ಸ್ವೀಟ್ ಕಾರ್ನ್ ವಿಚಾರ.

ಬಿಟ್ಟದ್ದು ಏಕೆ?

2022ರಲ್ಲಿ ಒಂದು ದಿನ ಮಕ್ಕಳು ಪೇಟೆಯಿಂದ ಅರ್ಧ ಡಜನ್ ತೆನೆ ತಂದರು. ಸಿಪ್ಪೆ ಬಿಡಿಸಿ, ಮೇಲೆ ಮೇಲೆ ನೋಡಿ, ಇಡಿಯಾಗಿಯೇ ಕುಕ್ಕರಿಗೆ ಹಾಕಿದೆವು. ತಾಯಿಯವರಿಗೆ ಹಲ್ಲಿನ ತೊಂದರೆ ಇರುವುದರಿಂದ ಕಾಳು ಬಿಡಿಸಿ ಕೊಡೋಣವೆಂದು ಒಂದು ತೆನೆಯನ್ನು ಮುರಿದೆವು. ತುದಿಯ ಕಾಳುಗಳ ನಡುವೆ ಬೆಂದ ಹುಳು ಸುರುಳಿಯಾಗಿ ಮಲಗಿತ್ತು. ಅವರು ಮಾತಾಡದೆ ಎದ್ದರು, ಆ ದಿನ ಮತ್ತೇನನ್ನೂ ತೆಗೆದುಕೊಳ್ಳಲಿಲ್ಲ.

ಮರುದಿನ ನಾವು ಸಮಾಧಾನ ಹೇಳಲು ಹೋದೆವು. ಇನ್ನು ಮೇಲೆ ಒಳ್ಳೆಯ ಅಂಗಡಿಯಿಂದ ಹುಳುವಿಲ್ಲದ್ದನ್ನೇ ಆರಿಸಿ ತರುತ್ತೇವೆ ಎಂದೆವು. ಅದಕ್ಕೆ ಅವರು ಕೊಟ್ಟ ಉತ್ತರ ನಮ್ಮನ್ನು ಇಂದಿಗೂ ಬಿಟ್ಟಿಲ್ಲ. "ಹುಳು ಇದ್ದ ತೆನೆಯನ್ನು ಬೇಯಿಸಿದರೆ ಕೊಂದವರು ನಾವು. ಹುಳುವಿಲ್ಲದ ತೆನೆ ಸಿಕ್ಕಿತೆಂದರೆ ನಮ್ಮ ಬದಲಿಗೆ ಇನ್ನು ಯಾರೋ ಹೊಲದಲ್ಲಿ ಕೊಂದಿದ್ದಾರೆ. ಎರಡೂ ಅಲ್ಲದ ತೆನೆ ಸಿಗುವ ತನಕ ನನಗಿದು ಬೇಡ." ಅಜ್ಜಿ ತಿನ್ನದ್ದು ತಮಗೂ ಬೇಡವೆಂದು ಕಿರಿಯ ಮೊಮ್ಮಗಳು ಹಟ ಹಿಡಿದಳು. ನಮ್ಮದು ಏಲಕ್ಕಿ ವ್ಯಾಪಾರದ ಮನೆ. ಹಿರಿಯರು ಸಕಲೇಶಪುರದ ಕಡೆಯಿಂದ ಬೋಡಿನಾಯಕನೂರಿನ ಏಲಕ್ಕಿ ಪೇಟೆಗೆ ಬಂದವರು. ತೂಕ, ಧಾರಣೆ, ಗೋಣಿಚೀಲ ಬಿಟ್ಟರೆ ನೇಗಿಲು ಗುದ್ದಲಿ ಕಂಡವರಲ್ಲ. ಆದರೂ ಮನೆಯ ಹಿಂದೆ ಹತ್ತಡಿ ಹತ್ತಡಿ ಜಾಗ ಬಿಸಿಲಿಗೆ ಬಿದ್ದಿತ್ತು. ನಾವೇ ಬೆಳೆಯೋಣವೆಂದು ಹೊರಟೆವು.

ಮೊದಲ ವರ್ಷ: ಒಂಟಿ ಸಾಲಿನ ತಪ್ಪು

2023ರ ಜೂನ್‌ನಲ್ಲಿ ಗೋಡೆಯ ಉದ್ದಕ್ಕೂ ಒಂದೇ ಸಾಲಿನಲ್ಲಿ ಹದಿನಾಲ್ಕು ಗಿಡ ಹಾಕಿದೆವು. ನೋಡಲು ಚೆಂದವಾಗಿತ್ತು. ಆಷಾಢ ಬಂದಿತು. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಗಾದೆ ತಮಿಳರಲ್ಲಿದೆ. ಈ ಕಣಿವೆಯವರಿಗೆ ಅದು ಅತಿಶಯೋಕ್ತಿ ಎನ್ನಿಸುವುದಿಲ್ಲ. ನೈಋತ್ಯ ಮಾರುತ ಬೆಟ್ಟಗಳ ನಡುವಿನಿಂದ ನುಗ್ಗುವ ಜಾಗವಾದ್ದರಿಂದಲೇ ಥೇಣಿಯ ಸುತ್ತ ಅಷ್ಟೊಂದು ಗಾಳಿಯಂತ್ರಗಳು ನಿಂತಿವೆ. ನಮ್ಮ ಹದಿನಾಲ್ಕರಲ್ಲಿ ಎಂಟು ಗಿಡ ಮಲಗಿದವು. ಉಳಿದ ಆರರಲ್ಲಿ ತೆನೆ ಬಂದರೂ ಸಿಪ್ಪೆ ಬಿಡಿಸಿದರೆ ಹಲ್ಲು ಬಿದ್ದ ಬಾಯಿಯಂತೆ ಅಲ್ಲೊಂದು ಇಲ್ಲೊಂದು ಕಾಳು.

ಗೊಬ್ಬರ ಸಾಲದೆಂದು ನಾವು ತಿಳಿದೆವು. ಕಾರಣ ಅದಲ್ಲ. ಜೋಳದ ಗಿಡದ ನೆತ್ತಿಯಲ್ಲಿ ಬರುವ ಸೂಲಂಗಿ ಗಂಡು ಹೂವು. ಎಲೆಯ ಬುಡದಲ್ಲಿ ಮೂಡುವ ತೆನೆ ಹೆಣ್ಣು. ತೆನೆಯ ತುದಿಯಿಂದ ಇಳಿಬೀಳುವ ರೇಷ್ಮೆಯಂಥ ಎಳೆಗಳಿವೆಯಲ್ಲ, ಅದರಲ್ಲಿ ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ಎಳೆಗೆ ಪರಾಗ ಅಂಟಿದರೆ ಆ ಕಾಳು ತುಂಬುತ್ತದೆ, ಅಂಟದಿದ್ದರೆ ಆ ಜಾಗ ಖಾಲಿ. ಪರಾಗವನ್ನು ಒಯ್ಯುವುದು ಜೇನಲ್ಲ, ಗಾಳಿ. ಒಂಟಿ ಸಾಲಿನಲ್ಲಿ ನಿಂತ ಗಿಡಗಳ ಪರಾಗ ಪಕ್ಕದ ಮನೆಯ ಅಂಗಳಕ್ಕೆ ಹಾರಿ ಹೋಗುತ್ತದೆ. ಆದ್ದರಿಂದ ಗಿಡ ಹತ್ತೇ ಇರಲಿ, ಉದ್ದ ಸಾಲು ಬೇಡ. ಚೌಕವಾಗಿ, ಕಡಿಮೆಯೆಂದರೆ ನಾಲ್ಕು ಸಾಲಾಗಿ ನಿಲ್ಲಿಸಬೇಕು. ಒಟ್ಟಾಗಿ ನಿಂತರೆ ಗಾಳಿಯನ್ನೂ ಅವು ಚೆನ್ನಾಗಿ ತಡೆಯುತ್ತವೆ.

ಎರಡನೆಯ ವರ್ಷ: ನೆರೆಯ ಹೊಲ

2024ರಲ್ಲಿ ಗಾಳಿಯ ಕಾಲವನ್ನು ಬಿಟ್ಟು ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ ಬಿತ್ತಿದೆವು. ನಾಲ್ಕು ಸಾಲು, ಸಾಲಿಗೆ ಹತ್ತು ಗಿಡ. ತೆನೆಗಳು ತುಂಬಿಕೊಂಡು ಬಂದವು. ಆದರೆ ಬೇಯಿಸಿ ತಿಂದರೆ ಸಿಹಿಯೇ ಇಲ್ಲ, ಹಿಟ್ಟು ಅಗಿದಂತೆ! ಬೀಜ ಕೊಟ್ಟ ಅಂಗಡಿಯವರನ್ನು ಮನಸ್ಸಿನಲ್ಲೇ ಬಯ್ದುಕೊಂಡೆವು.

ತಪ್ಪು ಅವರದೂ ಅಲ್ಲ. ನಮ್ಮ ಹಿತ್ತಿಲ ಬೇಲಿಯಾಚೆ ಗೌಂಡರ ಎರಡು ಎಕರೆ ಹೊಲವಿದೆ. ಅವರು ಕಾಪ್ಪಿಲಿಯರು, ತಲೆತಲಾಂತರದಿಂದ ಈ ಕಣಿವೆಯಲ್ಲಿದ್ದೂ ಮನೆಯಲ್ಲಿ ಇಂದಿಗೂ ಕನ್ನಡ ಆಡುವ ಜನ. ಅವರು ಆ ವರ್ಷ ಕೋಳಿ ಆಹಾರಕ್ಕೆ ಹೋಗುವ ಸಾಮಾನ್ಯ ಮೆಕ್ಕೆಜೋಳ ಹಾಕಿದ್ದರು. ಅದೂ ನಮ್ಮದೂ ಒಂದೇ ವಾರದಲ್ಲಿ ಸೂಲಂಗಿ ಬಿಟ್ಟವು. ಸ್ವೀಟ್ ಕಾರ್ನ್‌ನ ಸಿಹಿ ಒಂದು ಕೊರತೆಯಿಂದ ಬಂದದ್ದು: ಸಕ್ಕರೆಯನ್ನು ಪಿಷ್ಟವಾಗಿ ಮಾಡುವ ಶಕ್ತಿ ಆ ಕಾಳಿಗೆ ಸಾಲದು. ಸಾಮಾನ್ಯ ಜೋಳದ ಪರಾಗ ಬಿದ್ದರೆ ಆ ಕೊರತೆ ತುಂಬಿಹೋಗುತ್ತದೆ. ಮುಂದಿನ ಪೀಳಿಗೆಯಲ್ಲಲ್ಲ, ಅದೇ ತೆನೆಯ ಅದೇ ಕಾಳಿನಲ್ಲಿ ಸಕ್ಕರೆ ಹಿಟ್ಟಾಗುತ್ತದೆ. ಕಾಲು ಕಿಲೋಮೀಟರಿನ ಒಳಗೆ ಬೇರೆ ಜೋಳವಿದ್ದರೆ ಹೂವಿನ ಕಾಲದಲ್ಲಿ ಎರಡು ಮೂರು ವಾರಗಳ ಅಂತರ ಇರಬೇಕು.

ಗೌಂಡರಿಗೆ ಇದನ್ನು ಹೇಳಿದಾಗ, "ಶೆಟ್ರೇ, ಗಾಳಿಗೆ ಬೇಲಿ ಹಾಕಕ್ಕಾಯ್ತದಾ? ಬೇಕಾದ್ರೆ ಬರೋ ವರ್ಷ ಬಿತ್ತೋ ದಿನ ಕೇಳ್ಕೊಂಡು ಬಿತ್ತಿ" ಎಂದರು.

ಸಿಹಿಯ ಜೊತೆಗೆ ಇನ್ನೊಂದೂ ತಪ್ಪಿತು. ನಲವತ್ತರಲ್ಲಿ ಹದಿನೇಳು ತೆನೆಗಳಲ್ಲಿ ಹುಳುವಿತ್ತು. ಯಾವುದಕ್ಕಾಗಿ ಬೆಳೆಯಹೊರಟೆವೋ ಅದೇ ಆಗಲಿಲ್ಲ. ತೆನೆಗಳನ್ನೆಲ್ಲ ಗೌಂಡರ ಹಸುಗಳಿಗೆ ಕೊಟ್ಟೆವು. ತಾಯಿಯವರು ಬೇಸರಪಡಲಿಲ್ಲ. "ಕೊಲ್ಲಲಿಲ್ಲವಲ್ಲ, ಅಷ್ಟು ಸಾಕು" ಎಂದರು. ಬೇಸರಪಟ್ಟವರು ನಾವು.

ಹುಳುವಿನ ವಿಚಾರ

ಜೋಳದ ತೆನೆಗೆ ಬೀಳುವ ಹುಳುಗಳಲ್ಲಿ ಮುಖ್ಯವಾದವು ಎರಡು. ಒಂದು ಕಡಲೆ, ತೊಗರಿಗಳ ಕಾಯಿಗೂ ಬೀಳುವ ಕಾಯಿಕೊರಕ. ಇನ್ನೊಂದು ಹೊಸದಾಗಿ ಬಂದ ಸೈನಿಕ ಹುಳು. ಇದು ಅಮೆರಿಕ ಖಂಡದ್ದು. ನಮ್ಮ ದೇಶದಲ್ಲಿ ಮೊಟ್ಟಮೊದಲು ಕಂಡದ್ದು ಕರ್ನಾಟಕದಲ್ಲೇ, 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಕಡೆಯ ಮೆಕ್ಕೆಜೋಳದ ಹೊಲಗಳಲ್ಲಿ. ಅದೇ ವರ್ಷ ತಮಿಳುನಾಡಿಗೂ ಹಬ್ಬಿತು. ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರದ ಗುರುತು, ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ ಇರುತ್ತವೆ. ಎರಡೂ ಹುಳುಗಳ ಚಿಟ್ಟೆಗಳು ರಾತ್ರಿ ಹಾರುವಂಥವು. ಸೈನಿಕ ಹುಳುವಿನ ಚಿಟ್ಟೆ ಎಳೆಯ ಗಿಡದ ಎಲೆಯ ಮೇಲೆ ಗುಂಪಾಗಿ ಮೊಟ್ಟೆಯಿಟ್ಟು ಕೂದಲಿನಂಥ ಹೊದಿಕೆ ಮುಚ್ಚುತ್ತದೆ. ಕಾಯಿಕೊರಕದ ಚಿಟ್ಟೆ ತೆನೆಯ ಹಸಿ ರೇಷ್ಮೆಯ ಮೇಲೆ ಒಂದೊಂದೇ ಮೊಟ್ಟೆಯಿಡುತ್ತದೆ. ಮರಿ ಹುಳು ರೇಷ್ಮೆಯ ದಾರಿಯಲ್ಲೇ ಒಳಗೆ ಇಳಿಯುತ್ತದೆ.

ಔಷಧಿ ಹೊಡೆಯುವುದು ನಮಗೆ ಬೇಡವಾಗಿತ್ತು. ಮೊಟ್ಟೆಯನ್ನು ಉಜ್ಜಿ ಹಾಕಿ ಎಂದು ತಿಳಿದವರು ಹೇಳಿದರು. ಅದೂ ಸಂಕಲ್ಪೀ ಹಿಂಸೆಯೇ. ಮಣ್ಣು ಅಗೆಯುವಾಗ, ನೀರು ಹಾಯಿಸುವಾಗ ತಿಳಿಯದೆ ಆಗುವ ಆರಂಭೀ ಹಿಂಸೆ ಗೃಹಸ್ಥನಿಗೆ ತಪ್ಪದು. ಆದರೆ ಬೆರಳಿನಿಂದ ಹುಡುಕಿ ಹೊಸಕುವುದು ಬೇರೆ ಮಾತು. ಹಾಗಾದರೆ ಉಳಿಯುವ ದಾರಿ ಒಂದೇ: ಬಂದ ಹುಳುವನ್ನು ಏನು ಮಾಡಬೇಕೆಂದು ಚಿಂತಿಸುವ ಬದಲು ಅದು ಅಲ್ಲಿ ಹುಟ್ಟದಂತೆ ಮೊದಲೇ ಬಾಗಿಲು ಹಾಕಿಕೊಳ್ಳಬೇಕು.

ದಾರಿ ತೋರಿಸಿದವರು ತಳಿ ಬೆಳೆಸುವ ವಿಜ್ಞಾನಿಗಳು. ಎರಡು ಜೋಳಗಳನ್ನು ಸಂಕರ ಮಾಡುವಾಗ ಅನ್ಯ ಪರಾಗ ಬೀಳದಿರಲೆಂದು ಅವರು ರೇಷ್ಮೆ ಹೊರಬರುವ ಮೊದಲೇ ಎಳೆಯ ತೆನೆಗೆ ಕಾಗದದ ಚೀಲ ತೊಡಿಸುತ್ತಾರೆ. ಬೇಕಾದ ಪರಾಗವನ್ನು ಕೈಯಾರೆ ಉದುರಿಸಿ ಮತ್ತೆ ಮುಚ್ಚುತ್ತಾರೆ. ಇದನ್ನು ಓದಿದಾಗ ನಮಗೆ ಹೊಳೆಯಿತು: ಗೌಂಡರ ಹೊಲದ ಪರಾಗ ಬರುವ ದಾರಿ ಯಾವುದೋ ಹುಳು ಬರುವ ದಾರಿಯೂ ಅದೇ. ಎರಡಕ್ಕೂ ಬಾಗಿಲು ರೇಷ್ಮೆ. ಒಂದು ಚೀಲ ಎರಡನ್ನೂ ತಡೆಯಬಹುದು. ಮುಸುಕಿನ ಜೋಳಕ್ಕೆ ದೈವದತ್ತವಾದ ಒಂದು ಮುಸುಕಿದೆ, ತುದಿ ಮಾತ್ರ ತೆರೆದಿದೆ. ಆ ತುದಿಗೆ ನಾವು ಇನ್ನೊಂದು ಮುಸುಕು ಹಾಕಿದೆವು.

ಮೂರನೆಯ ವರ್ಷ ಮಾಡಿದ ಕ್ರಮ

ಬೀಜ: ಸ್ವೀಟ್ ಕಾರ್ನ್ ಬೀಜ ಸುಕ್ಕಾಗಿ ಹಗುರವಾಗಿರುತ್ತದೆ, ಕೆಟ್ಟ ಬೀಜವೆಂದು ಎಸೆಯಬೇಡಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಜಾನ್ ಲಾಫ್ನನ್ ಎಂಬ ವಿಜ್ಞಾನಿ 1953ರಲ್ಲಿ ಈ ಸುಕ್ಕುಬೀಜದ ಗುಣವನ್ನು ಕುರಿತು ಬರೆದರು. ಇಂದಿನ ಹೆಚ್ಚು ಸಿಹಿಯ ತಳಿಗಳಲ್ಲಿ ಬಹಳಷ್ಟು ಅಲ್ಲಿಂದ ಬಂದವು. ನಾವು ಹಾಕಿದ್ದು 'ಶುಗರ್ 75' ಎಂಬ ಹೈಬ್ರಿಡ್. ಇದರ ಬೀಜವನ್ನು ಉಳಿಸಿ ಮತ್ತೆ ಬಿತ್ತಿದರೆ ಅದೇ ಗುಣ ಬರುವುದಿಲ್ಲ. ಬೀಜ ಕಾಪಾಡಿಕೊಳ್ಳುವ ಆಸೆಯುಳ್ಳವರು ಹೈದರಾಬಾದಿನಲ್ಲಿ ಬೆಳೆಸಿದ 'ಮಾಧುರಿ', 'ಪ್ರಿಯಾ' ತಳಿಗಳನ್ನು ಕೇಳಿ ನೋಡಬಹುದು. ಪೊಟ್ಟಣದ ಬೀಜಕ್ಕೆ ಬಣ್ಣದ ಔಷಧಿ ಹಚ್ಚಿರುತ್ತಾರೆ. ಮಕ್ಕಳ ಕೈಗೆ ಕೊಡಬಾರದು, ಮಿಕ್ಕದ್ದನ್ನು ಗುಬ್ಬಿಗಳಿಗೆ ಚೆಲ್ಲಬಾರದು.

ಬಿತ್ತನೆ: 2025ರ ಜನವರಿ 20ರಂದು ಬಿತ್ತಿದೆವು. ಹಿಂದಿನ ವರ್ಷ ಜೋಳವಿದ್ದ ಮಣ್ಣಿನಲ್ಲಿ ಹುಳುವಿನ ಕೋಶ ಉಳಿದಿರಬಹುದೆಂದು ಪಾತಿಯನ್ನು ಹಿತ್ತಿಲ ಇನ್ನೊಂದು ಮೂಲೆಗೆ ಬದಲಿಸಿದೆವು. ಸಾಲಿನಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಮುಕ್ಕಾಲಡಿ. ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಎರಡೆರಡು ಬೀಜ ಹಾಕಿ, ಎರಡೂ ಹುಟ್ಟಿದ ಕಡೆ ಒಂದನ್ನು ಕಿತ್ತು ಹುಟ್ಟದ ಕಡೆ ನೆಟ್ಟೆವು.

ಪರದೆ: ಬಿತ್ತಿದ ದಿನವೇ ನಾಲ್ಕು ಮೂಲೆಗೆ ಬಿದಿರು ನೆಟ್ಟು ಹಳೆಯ ಸೊಳ್ಳೆ ಪರದೆಗಳನ್ನು ಹೊಲಿದು ಹೊದಿಸಿದೆವು, ಅಂಚುಗಳಿಗೆ ಮಣ್ಣು ಮುಚ್ಚಿದೆವು. ಗಿಡ ಎದೆಯೆತ್ತರ ಬೆಳೆಯುವ ತನಕ ಚಿಟ್ಟೆಗೆ ಒಳಗೆ ದಾರಿಯಿರಲಿಲ್ಲ.

ಗೊಬ್ಬರ: ಜೋಳ ಹೊಟ್ಟೆಬಾಕ. ಹಳೆಯ ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಬೇಕು. ಇಪ್ಪತ್ತೈದನೆಯ ದಿನ ಬೇವಿನ ಹಿಂಡಿ, ಕಡಲೆಕಾಯಿ ಹಿಂಡಿ ಬೆರೆಸಿ ಬುಡಕ್ಕೆ ಹಾಕಿ ಮಣ್ಣು ಏರಿಸಿದೆವು. ಅಂಗಡಿಯಲ್ಲಿ ಸಿಗುವ ಮಿಶ್ರ ಗೊಬ್ಬರದ ಚೀಲವನ್ನು ಓದಿ ಕೊಳ್ಳಿ, ಕೆಲವದರಲ್ಲಿ ಎಲುಬಿನ ಪುಡಿ ಇರುತ್ತದೆ. ಸೂಲಂಗಿ ಬಂದಾಗಿನಿಂದ ಕಾಳು ತುಂಬುವ ತನಕ ನೀರು ತಪ್ಪಿಸಬಾರದು. ಆ ಮೂರು ವಾರ ಬಾಯಾರಿದರೆ ಬೆಳೆ ಹೋದಂತೆ.

ಚೀಲ: ಎಲೆಯ ಬುಡದಲ್ಲಿ ಎಳೆಯ ತೆನೆ ಬೆರಳುದ್ದ ಕಂಡ ಕೂಡಲೆ, ರೇಷ್ಮೆ ಇಣುಕುವ ಮೊದಲೇ, ಬಟರ್ ಪೇಪರಿನ ಚೀಲ ತೊಡಿಸಿ ಬುಡಕ್ಕೆ ದಾರ ಸುತ್ತಿದೆವು. ಪೊಟ್ಟಣ ಕಟ್ಟುವ ಮನೆಯವರಿಗೆ ಇದು ಕಲಿಸಬೇಕಾದ ವಿದ್ಯೆಯೇ? ದೊಡ್ಡ ಗಿಡಗಳಿಗೆ ಎರಡು ತೆನೆ ಮೂಡಿದರೂ ಮೇಲಿನದೊಂದಕ್ಕೇ ಚೀಲ ಹಾಕಿದೆವು. ಮನೆಯ ಪಾತಿಯಲ್ಲಿ ಗಿಡಕ್ಕೊಂದು ಒಳ್ಳೆಯ ತೆನೆ ಬಂದರೆ ಸಾಕು.

ಪರಾಗ: ಚೀಲದೊಳಗೆ ರೇಷ್ಮೆ ಎರಡು ಅಂಗುಲ ಬಂದ ಮೇಲೆ ಬೆಳಿಗ್ಗೆ ಇಬ್ಬನಿ ಆರಿದ ಹೊತ್ತಿನಲ್ಲಿ, ಒಂಬತ್ತರಿಂದ ಹನ್ನೊಂದರ ಒಳಗೆ, ನಾಲ್ಕಾರು ಗಿಡಗಳ ಸೂಲಂಗಿಯನ್ನು ಮಡಿಸಿದ ಕಾಗದದ ಮೇಲೆ ಮೆಲ್ಲನೆ ಕೊಡವಬೇಕು. ಅರಿಸಿನದ ಹುಡಿಯಂಥ ಪರಾಗ ಉದುರುತ್ತದೆ. ಒಂದೊಂದೇ ಚೀಲ ತೆಗೆದು ರೇಷ್ಮೆಯ ಮೇಲೆ ಆ ಹುಡಿ ಉದುರಿಸಿ ತಕ್ಷಣ ಮುಚ್ಚಬೇಕು. ಬಿಸಿಲೇರಿದರೆ ಪರಾಗ ಸಾಯುತ್ತದೆ, ಆದ್ದರಿಂದ ಅಂದಿನದನ್ನು ಅಂದೇ ಬಳಸಬೇಕು. ಬುಡದ ಕಾಳುಗಳ ಎಳೆ ಮೊದಲು, ತುದಿಯವು ಕೊನೆಗೆ ಬರುವುದರಿಂದ ಮೂರು ಬೆಳಗ್ಗೆ ಹೀಗೆ ಮಾಡಬೇಕು. ಮೊಮ್ಮಕ್ಕಳು ಶಾಲೆಗೆ ರಜೆಯಿದ್ದ ದಿನಗಳಲ್ಲಿ ಮಾಡಿದ ಕೆಲಸವಿದು. ರೇಷ್ಮೆ ಕಂದಿದ ಮೇಲೆ ಕಾಗದ ತೆಗೆದು ತೆಳು ಹತ್ತಿಬಟ್ಟೆಯ ಚೀಲ ಕಟ್ಟಿದೆವು. ಗಿಳಿ, ಅಳಿಲುಗಳೂ ಅದನ್ನು ಕಂಡು ಹಿಂಜರಿದವು.

ಕೊಯ್ಲು ಮತ್ತು ಅಡುಗೆ

ರೇಷ್ಮೆ ಬಂದ ಇಪ್ಪತ್ತನೆಯ ದಿನದ ಹೊತ್ತಿಗೆ ತೆನೆ ಹದಕ್ಕೆ ಬರುತ್ತದೆ. ರೇಷ್ಮೆ ಒಣಗಿ ಕಂದಾಗಿರಬೇಕು, ಸಿಪ್ಪೆ ಹಸಿರಾಗಿರಬೇಕು. ತುದಿಯ ಸಿಪ್ಪೆ ಸ್ವಲ್ಪ ಸರಿಸಿ ಕಾಳಿಗೆ ಉಗುರು ಒತ್ತಿದರೆ ಹಾಲು ಬರಬೇಕು. ನೀರು ಬಂದರೆ ಎಳಸು, ಹಿಟ್ಟು ಬಂದರೆ ಬಲಿತಿತು. ಹಳೆಯ ಸಿಹಿ ತಳಿಗಳನ್ನು ಕೊಯ್ದು ಇಟ್ಟರೆ ಸೆಕೆಗೆ ಒಂದೇ ದಿನದಲ್ಲಿ ಸಕ್ಕರೆಯ ದೊಡ್ಡ ಪಾಲು ಹಿಟ್ಟಾಗುತ್ತಿತ್ತು. ಈಗಿನ ತಳಿಗಳು ಫ್ರಿಜ್ಜಿನಲ್ಲಿ ನಾಲ್ಕಾರು ದಿನ ತಡೆಯುತ್ತವೆ. ಆದರೂ ಗಿಡದಿಂದ ಒಲೆಗೆ ಬಂದ ತೆನೆಯ ರುಚಿಯೇ ಬೇರೆ. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆಗಳಿಗೆ ಇದು ಅನುಕೂಲ: ನಾಲ್ಕಕ್ಕೆ ಕೊಯ್ದರೆ ಐದಕ್ಕೆ ತಟ್ಟೆಯಲ್ಲಿರುತ್ತದೆ. ಅಷ್ಟಮಿ, ಚತುರ್ದಶಿಗಳಂದು ಹಸಿರು ಬಿಡುವವರು ಪಂಚಾಂಗ ನೋಡಿ ಕೊಯ್ಲಿನ ದಿನ ಎಣಿಸಿಕೊಳ್ಳಿ. ನಮಗೆ ಮಹಾವೀರ ಜಯಂತಿಯ ಮರುದಿನವೇ ಚತುರ್ದಶಿಯಿತ್ತು.

ಎಷ್ಟೇ ಜಾಗ್ರತೆಯಿಂದ ಬೆಳೆದರೂ ಇಡೀ ತೆನೆಯನ್ನು ಬೇಯಿಸಬೇಡಿರೆಂದು ನಮ್ಮ ಕಳಕಳಿಯ ವಿನಂತಿ. ಪೇಟೆಯ ತೆನೆಗಂತೂ ಇದು ಕಡ್ಡಾಯ. ಹಗಲ ಬೆಳಕಿನಲ್ಲಿ ಸಿಪ್ಪೆ ಬಿಡಿಸಿ, ತುದಿಯಿಂದ ಎರಡಂಗುಲ ಮೊದಲು ಪರೀಕ್ಷಿಸಿ, ಸಾಲು ಸಾಲಾಗಿ ಕಾಳು ಬಿಡಿಸಿ ನೋಡಿ, ಆಮೇಲೆ ಬೇಯಿಸಿ. ಬೆಂದ ಕಾಳಿಗೆ ಸಾಸಿವೆ, ಕರಿಬೇವು, ಹಸಿಮೆಣಸಿನ ಒಗ್ಗರಣೆ ಕೊಟ್ಟು ತೆಂಗಿನ ತುರಿ ಹಾಕಿ ನಿಂಬೆ ಹಿಂಡಿದರೆ ಉಸ್ಲಿ. ಅರ್ಧ ಕಾಳನ್ನು ರುಬ್ಬಿ, ತೆಂಗಿನ ಹಾಲು, ಬೆಲ್ಲ, ಏಲಕ್ಕಿ ಸೇರಿಸಿದರೆ ಪಾಯಸ. ಈರುಳ್ಳಿ, ಬೆಳ್ಳುಳ್ಳಿಗಳ ಅಗತ್ಯವೇ ಇದಕ್ಕಿಲ್ಲ.

ಜಮಾ ಖರ್ಚು

ವ್ಯಾಪಾರಿಗಳಿಗೆ ಲೆಕ್ಕ ಒಪ್ಪಿಸದೆ ಅಂಕಣ ಮುಗಿಸುವುದು ಸರಿಯಲ್ಲ. ನಲವತ್ತು ಗಿಡಗಳಲ್ಲಿ ಉಳಿದದ್ದು ಮೂವತ್ತಾರು. ತುಂಬಿದ ಸಿಹಿ ತೆನೆ ಇಪ್ಪತ್ತೊಂಬತ್ತು. ಪರಾಗ ಸಾಲದೆ ಅರೆತುಂಬಿದವು ಐದು. ಚೀಲದ ದಾರ ಸಡಿಲವಾಗಿ ಹುಳು ಹೊಕ್ಕದ್ದು ಎರಡು. ಆ ಎರಡನ್ನು ಸಿಪ್ಪೆ ಸಮೇತ ಬೇಲಿಯ ಪೊದೆಯ ನೆರಳಿಗೆ ಇಟ್ಟು ಬಂದೆವು. ಬೀಜ, ಹಿಂಡಿ, ಕಾಗದ, ದಾರಗಳ ಹಣ ಕೂಡಿದರೆ ಪೇಟೆಯಲ್ಲಿ ಇದಕ್ಕಿಂತ ಅಗ್ಗವಾಗಿ ತೆನೆ ಸಿಗುತ್ತದೆ. ಲಾಭಕ್ಕಾಗಿ ಯಾರೂ ಈ ಕೆಲಸಕ್ಕೆ ಇಳಿಯಬೇಡಿ.

ಮೊದಲ ಕೊಯ್ಲಿನ ದಿನ ತಾಯಿಯವರು ಕನ್ನಡಕ ಹಾಕಿಕೊಂಡು ಕಾಳುಗಳನ್ನು ಮೊರದಲ್ಲಿ ಹರಡಿ ಬಹಳ ಹೊತ್ತು ನೋಡಿದರು. ಮೊಮ್ಮಗಳು ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕುಳಿತಿದ್ದಳು. "ಇನ್ನು ತಿನ್ನಬಹುದು" ಎಂದು ಅವರು ಅಂದಾಗ ಮನೆಯಲ್ಲಿ ಹಬ್ಬವೇ ಆಯಿತು.

ನಾವು ಆ ಸಂತೋಷದಲ್ಲಿ ಸ್ವಲ್ಪ ಬೀಗಿದೆವು. ಗೌಂಡರಿಗೆ ಎರಡು ತೆನೆ ಕೊಡಲು ಹೋದಾಗ ಔಷಧಿಯಿಲ್ಲದೆಯೂ ಬೆಳೆಯಬಹುದೆಂದು ಬುದ್ಧಿ ಹೇಳಿಬಿಟ್ಟೆವು. ಅವರು ತೆನೆಯನ್ನು ತಿರುಗಿಸಿ ನೋಡಿ, "ಚೆನ್ನಾಗಿ ಬಂದದೆ ಶೆಟ್ರೇ. ನಿಮ್ಮದು ನಲವತ್ತು ಗಿಡ, ಮನೆ ತುಂಬ ಆಳು. ನನ್ನದು ಎರಡು ಎಕರೆ, ನಾನು ಒಬ್ಬನೇ. ಎಷ್ಟು ಚೀಲ ಕಟ್ಟಲಿ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಹೇಳಿದಾಗ ತಾಯಿಯವರು ನಮ್ಮನ್ನೇ ಗದರಿದರು: "ಅವರು ಹೊಟ್ಟೆಪಾಡಿಗೆ ಬೆಳೆಯುತ್ತಾರೆ, ನಾವು ನಾಲಿಗೆಯ ಆಸೆಗೆ ಬೆಳೆದೆವು. ನಮ್ಮ ಹಿತ್ತಿಲ ಅಳತೆಗೋಲಿನಿಂದ ಅವರ ಹೊಲ ಅಳೆಯಬೇಡಿ. ನಮಗೆ ಎಷ್ಟು ಕೈಲಾಗುತ್ತದೋ ಅಷ್ಟನ್ನೇ ತಿನ್ನೋಣ."

ಅಂದಿನಿಂದ ನಮ್ಮ ಮನೆಯ ನಿಯಮ ಅದೇ. ಹಿತ್ತಿಲಲ್ಲಿ ಬೆಳೆದಾಗ ಹದಿನೈದು ದಿನ ಸ್ವೀಟ್ ಕಾರ್ನ್, ಉಳಿದ ದಿನ ಇಲ್ಲ. ಮಕ್ಕಳು ಗೊಣಗುವುದಿಲ್ಲ. ಚೀಲ ಕಟ್ಟಿದ ಕೈಗಳಿಗೆ ಒಂದು ತೆನೆಯ ಬೆಲೆ ಏನೆಂದು ತಿಳಿದಿದೆ.

ಹತ್ತಡಿ ಬಿಸಿಲು, ಒಂದು ಹಳೆಯ ಸೊಳ್ಳೆ ಪರದೆ, ನಲವತ್ತು ಕಾಗದದ ಚೀಲ ಇರುವ ಓದುಗರು ಒಮ್ಮೆ ಪ್ರಯತ್ನಿಸಿ ನೋಡಿ, ಅನುಭವವನ್ನು ಪತ್ರಿಕೆಗೆ ಬರೆಯಿರಿ. ಬಿತ್ತುವ ಮೊದಲು ಬೇಲಿಯಾಚೆಯವರನ್ನು ಅವರು ಏನು ಬಿತ್ತುತ್ತಾರೆ, ಯಾವಾಗ ಬಿತ್ತುತ್ತಾರೆ ಎಂದು ಕೇಳಲು ಮಾತ್ರ ಮರೆಯಬೇಡಿ.

ಜೈ ಜಿನೇಂದ್ರ.